ಕೇಳದೇ ಹೇಳಿದ ಸಮಾಧಾನ

ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಆನುವಂಶಿಕ ಕಾಯಿಲೆಗಳ ಬಗ್ಗೆ ಮನೆಯವರಿಗೆ ತಿಳಿಸಿ ಹೇಳುವ ಸಲಹೆಯ ಕೆಲಸ, ಅದನ್ನು ಓದುತ್ತಿರುವವರು, ಓದಬೇಕು ಅಂದುಕೊಂಡವರು ನನ್ನ ಬಳಿ ಆಗಾಗ ಬರುತ್ತಾರೆ. ನಾನು ಆ ಕ್ಷೇತ್ರದವಳಲ್ಲ, ಸಾಮಾನ್ಯ ಆಪ್ತಸಲಹೆಗಾರ್ತಿ. ಆದರೂ ಬರುತ್ತಾರೆ. ಮಾರ್ಕ್ಸ್ ಹಾಕುವವರ ಮುಂದೆ ಈ ವಿಷಯ ಎತ್ತಲು ಅವರಿಗೆ ಹಿಂಜರಿಕೆ. ವಿಷಯವೂ ಹೆಚ್ಚುಕಮ್ಮಿ ಒಂದೇ: ಮನೆಯಲ್ಲಿ ಒಬ್ಬರಿಗೆ ಆನುವಂಶಿಕ ಕಾಯಿಲೆ ಇತ್ತು, ಅದಕ್ಕೇ ಈ ಓದಿಗೆ ಬಂದೆ, ಈಗ ಕ್ಲಿನಿಕ್‌ನಲ್ಲಿ ಕೂರಲು ಆಗುತ್ತಿಲ್ಲ. ಅಂಥ ಒಂದು ಪ್ರಕರಣ ಇದು. ಬರೆಯಲು ಆಕೆಯ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಕಾಯಿಲೆಯ ಹೆಸರು ಮಾತ್ರ ಹಾಗೇ ಇದೆ. ಅದನ್ನು ಬದಲಿಸಿದರೆ ಮುಂದಿನ ಮಾತು ಯಾವುದೂ ಅರ್ಥವಾಗುವುದಿಲ್ಲ.

ಓದಿನ ಬಗ್ಗೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಜೆನೆಟಿಕ್ ಕೌನ್ಸೆಲಿಂಗ್ ಅನ್ನುವ ಹೆಸರನ್ನು 1947ರಲ್ಲಿ ಬಳಕೆಗೆ ತಂದವರು ಶೆಲ್ಡನ್ ರೀಡ್ ಎಂಬ ತಳಿವಿಜ್ಞಾನಿ. ಇದಕ್ಕೇ ಅಂತ ಮೊದಲ ಸ್ನಾತಕೋತ್ತರ ಕೋರ್ಸ್ ಶುರುವಾದದ್ದು 1969ರಲ್ಲಿ, ಅಮೆರಿಕದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ. ಸಾಮಾನ್ಯವಾಗಿ ಎರಡು ವರ್ಷದ ಮಾಸ್ಟರ್ಸ್. ತರಗತಿಯಲ್ಲಿ ಜೀನುಗಳ ಪಾಠ, ಲ್ಯಾಬ್ ರಿಪೋರ್ಟ್ ಓದುವುದು, ಅಪಾಯದ ಲೆಕ್ಕ ಹಾಕುವುದು ಇರುತ್ತದೆ. ಜೊತೆಗೆ ಮಾತಾಡುವುದನ್ನೂ ಕಲಿಸುತ್ತಾರೆ. ಮಾತಿಗಿಂತ ಸುಮ್ಮನಿರುವುದನ್ನು ಜಾಸ್ತಿ ಕಲಿಸುತ್ತಾರೆ ಅನ್ನಬೇಕು. ರೋಲ್ ಪ್ಲೇ ಮಾಡಿಸುತ್ತಾರೆ. ಆಮೇಲೆ ಗರ್ಭಿಣಿಯರ ಕ್ಲಿನಿಕ್, ಮಕ್ಕಳ ಕ್ಲಿನಿಕ್, ಕ್ಯಾನ್ಸರ್ ಕ್ಲಿನಿಕ್ ಹೀಗೆ ಸುತ್ತಿಸುತ್ತಾರೆ. ಸೂಪರ್‌ವೈಸರ್ ಪಕ್ಕದಲ್ಲೇ ಕೂತು ನೋಡುತ್ತಾರೆ. ಕಂಡ ಕೇಸುಗಳನ್ನು ಲಾಗ್‌ಬುಕ್‌ನಲ್ಲಿ ಬರೆದಿಡಬೇಕು.

ನಾನು ಹೇಳುತ್ತಿರುವ ವಿದ್ಯಾರ್ಥಿನಿ ತರಗತಿಯಲ್ಲಿ ಎಲ್ಲರಿಗಿಂತ ಮುಂದೆ. ಎರಡನೇ ವರ್ಷ ಕ್ಲಿನಿಕ್‌ಗೆ ಹೋದಾಗ ಸೂಪರ್‌ವೈಸರ್ ಬರೆದ ಒಂದು ಸಾಲು ಆಕೆಯ ನಿದ್ದೆ ಕೆಡಿಸಿತ್ತು: ‘ಕೇಳುವ ಮೊದಲೇ ಸಮಾಧಾನ ಹೇಳುತ್ತಾರೆ.’ ಕೋರ್ಸ್ ಬಿಟ್ಟುಬಿಡಲಾ ಅಂತ ಕೇಳಲು ನನ್ನ ಬಳಿ ಬಂದಿದ್ದಳು.

ಆಕೆಯ ಅಣ್ಣನಿಗೆ ಡ್ಯೂಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಇತ್ತು. ಡಿಎಂಡಿ ಅನ್ನುತ್ತಾರಲ್ಲ, ಅದೇ. ಚಿಕ್ಕ ವಯಸ್ಸಿನಲ್ಲೇ ಸ್ನಾಯುಗಳ ಬಲ ಕುಂದುತ್ತಾ ಹೋಗುವ ಕಾಯಿಲೆ. ಅಣ್ಣ ಇಪ್ಪತ್ತು ದಾಟಿ ಸ್ವಲ್ಪ ಕಾಲಕ್ಕೆ ತೀರಿಕೊಂಡ. ಬಯಾಪ್ಸಿಯಲ್ಲಿ ಕಾಯಿಲೆ ಗೊತ್ತಾಗಿತ್ತು, ಜೀನ್ ಟೆಸ್ಟ್ ಮಾಡಿಸಿರಲಿಲ್ಲ. ಕೋರ್ಸಿಗೆ ಅರ್ಜಿ ಹಾಕುವಾಗ ಆಕೆ ಬರೆದದ್ದು ಈ ಅಣ್ಣನ ಬಗ್ಗೆಯೇ. ಆಯ್ಕೆ ಸಮಿತಿಯವರು ತುಂಬ ಮೆಚ್ಚಿಕೊಂಡಿದ್ದರಂತೆ. ‘ಅಣ್ಣನ ಕಥೆ ಹೇಳಿ ಸೀಟು ತಗೊಂಡೆ ಮೇಡಂ. ಈಗ ಕ್ಲಿನಿಕ್‌ಗೆ ಹೋದ್ರೆ ಆ ಕಥೆ ನನಗಿಂತ ಮುಂಚೆ ಹೋಗಿ ಕುರ್ಚಿ ಹಿಡ್ಕೊಂಡು ಕೂತಿರುತ್ತೆ’ ಅಂದಳು.

ಸೂಪರ್‌ವೈಸರ್ ಆ ಸಾಲು ಬರೆದದ್ದು ಯಾವ ಕೇಸಿನ ಮೇಲೆ ಅಂತ ಕೇಳಿದೆ. ಒಬ್ಬ ತಾಯಿ, ಪುಟ್ಟ ಮಗ, ಗಂಡ ಬಂದಿದ್ದರು. ಮಗನಿಗೆ ಡಿಎಂಡಿ ಅಂತ ರಿಪೋರ್ಟ್ ಬಂದಿತ್ತು. ಈಕೆ ಪರಿಚಯ ಮಾಡಿಕೊಂಡಳು, ರಿಪೋರ್ಟ್ ತೆರೆದಳು, ಕಾಯಿಲೆಯ ವಿವರ ಶುರು ಮಾಡುವ ಮೊದಲೇ ತಾಯಿಯ ಕಡೆ ತಿರುಗಿ, ‘ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ’ ಅಂದಳು. ಆ ತಾಯಿ ಒಂದು ಕ್ಷಣ ಆಕೆಯನ್ನು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ, ‘ನನ್ನ ತಪ್ಪು ಅಂತ ಯಾರಾದ್ರೂ ಅಂದ್ರಾ?’ ಅಂತ ಕೇಳಿದರು. ಗಂಡ ಗಾಬರಿಯಾಗಿ ಇಲ್ಲ ಇಲ್ಲ ಅಂದರು. ಅಲ್ಲಿಯವರೆಗೆ ಆ ಕೋಣೆಯಲ್ಲಿ ಇಲ್ಲದಿದ್ದ ಆರೋಪವೊಂದು ಸಮಾಧಾನದ ವೇಷದಲ್ಲಿ ಒಳಗೆ ಬಂದಿತ್ತು. ಉಳಿದ ಹೊತ್ತೆಲ್ಲ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ.

ಇದಾದ ಮೇಲಿನ ಭೇಟಿಯಲ್ಲಿ ನಾನು ಒಂದು ಹಾಳೆ ಕೊಟ್ಟು, ನಿಮ್ಮ ಮನೆಯ ಪೆಡಿಗ್ರಿ ಬರೆಯಿರಿ ಅಂದೆ. ಪೆಡಿಗ್ರಿ ಅಂದರೆ ಚಿಹ್ನೆಗಳಲ್ಲಿ ಬರೆಯುವ ವಂಶದ ನಕ್ಷೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕಾಯಿಲೆ ಇದ್ದವರ ಚಿಹ್ನೆಗೆ ಬಣ್ಣ ತುಂಬುತ್ತಾರೆ, ತೀರಿಕೊಂಡವರ ಮೇಲೆ ಓರೆ ಗೆರೆ ಎಳೆಯುತ್ತಾರೆ. ಈ ಕಾಯಿಲೆಯ ಜೀನ್ ಹೊತ್ತು ತಾವು ಆರೋಗ್ಯವಾಗಿರುವ ಹೆಂಗಸರಿಗೆ, ಅಂದರೆ ಕ್ಯಾರಿಯರ್‌ಗಳಿಗೆ, ವೃತ್ತದ ನಡುವೆ ಒಂದು ಚುಕ್ಕೆ. ಆಕೆಗೆ ಇದು ಕೈಗೆ ಕೂತ ಕೆಲಸ, ಚಕಚಕ ಬರೆದಳು. ಅಣ್ಣನ ಚೌಕ ತುಂಬಿ, ಗೆರೆ ಎಳೆದು, ಬಾಣ ಹಾಕಿ, ಬಾಣದ ಪಕ್ಕ ‘ಪಿ’ ಅಂತ ಬರೆದಳು. ಮನೆಯಲ್ಲಿ ಕಾಯಿಲೆ ಮೊದಲು ಬೆಳಕಿಗೆ ಬಂದದ್ದು ಇವರಿಂದ ಅನ್ನುವ ಗುರುತು ಅದು. ಅಮ್ಮನ ವೃತ್ತದ ಹತ್ತಿರ ಪೆನ್ನು ನಿಂತಿತು. ಅದನ್ನು ಖಾಲಿ ಬಿಟ್ಟಳು. ತನ್ನ ವೃತ್ತವನ್ನೂ ಖಾಲಿ ಬಿಟ್ಟಳು.

‘ಇವತ್ತು ಸಲಹೆ ಕೇಳೋಕೆ ಬಂದಿರೋರು ಯಾರು?’ ಅಂದೆ.

ಅದಕ್ಕೂ ಒಂದು ಚಿಹ್ನೆ ಇದೆ, ಪಿ ಇಲ್ಲದ ಬಾಣ. ಸ್ವಲ್ಪ ಹೊತ್ತು ಯೋಚಿಸಿ ತನ್ನ ವೃತ್ತದ ಕಡೆಗೆ ಬಾಣ ಎಳೆದಳು. ಎಳೆದು ನಕ್ಕಳು.

‘ಮೇಡಂ, ಇದೇ ಲೆಕ್ಕ ಪರೀಕ್ಷೆಯಲ್ಲಿ ಬಂದಿತ್ತು. ಒಬ್ಬನೇ ಮಗನಿಗೆ ಡಿಎಂಡಿ, ವಂಶದಲ್ಲಿ ಬೇರೆ ಯಾರಿಗೂ ಇಲ್ಲ, ತಂಗಿ ಕ್ಯಾರಿಯರ್ ಆಗಿರೋ ಸಾಧ್ಯತೆ ಎಷ್ಟು ಅಂತ. ಹತ್ತಕ್ಕೆ ಹತ್ತು ಬಂತು. ಆ ತಂಗಿ ನಾನೇ ಅಂತ ಪ್ರಶ್ನೆ ಬರೆದವರಿಗೆ ನೆನಪು ಬಂದಿರಲ್ಲ, ಅಲ್ವಾ?’

ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳಬೇಕು. ಡಿಎಂಡಿಯ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ. ಗಂಡುಮಕ್ಕಳಿಗೆ ಎಕ್ಸ್ ಒಂದೇ, ಅದೂ ತಾಯಿಯಿಂದ ಬಂದದ್ದು. ತಾಯಿ ಕ್ಯಾರಿಯರ್ ಆಗಿದ್ದರೆ ಪ್ರತಿ ಮಗನಿಗೂ ಕಾಯಿಲೆ ಬರುವ ಸಾಧ್ಯತೆ 1/2, ಪ್ರತಿ ಮಗಳೂ ಕ್ಯಾರಿಯರ್ ಆಗುವ ಸಾಧ್ಯತೆ 1/2. ಆದರೆ ಸುಮಾರು ಮೂರನೇ ಒಂದು ಭಾಗ ಹುಡುಗರಲ್ಲಿ ದೋಷ ತಾಯಿಯಿಂದ ಬಂದಿರುವುದೇ ಇಲ್ಲ, ಹೊಸದಾಗಿ ಹುಟ್ಟಿರುತ್ತದೆ. ಹಾಗಾಗಿ ವಂಶದಲ್ಲಿ ಒಬ್ಬನಿಗೆ ಮಾತ್ರ ಕಾಯಿಲೆ ಇದ್ದಾಗ ತಾಯಿ ಕ್ಯಾರಿಯರ್ ಆಗಿರುವ ಸಾಧ್ಯತೆ ಸುಮಾರು 2/3, ತಂಗಿಯದು ಸುಮಾರು 1/3.

ಇದನ್ನು ತಿಳಿದ ಗೆಳತಿಯರು ಆಕೆಯನ್ನು ಕಾಡುತ್ತಿದ್ದರು. ದಿನಾ ಬೇರೆಯವರಿಗೆ ಟೆಸ್ಟ್ ಬಗ್ಗೆ ಹೇಳ್ತೀಯ, ನೀನೇ ಮಾಡಿಸಿಲ್ವಾ, ಇಷ್ಟು ಓದಿಯೂ ಹೆದರ್ತೀಯಾ ಅಂತ. ಆಕೆಗೂ ತಾನು ಏನೋ ಮೋಸ ಮಾಡುತ್ತಿದ್ದೇನೆ ಅನಿಸತೊಡಗಿತ್ತು. ಯಾಕೆ ಮಾಡಿಸಿಲ್ಲ ಅಂತ ನಾನೂ ಕೇಳಿದೆ.

‘ನನ್ನ ರಿಸಲ್ಟ್‌ಗೆ ಹೆದರಿಲ್ಲ ಮೇಡಂ. ನನಗೆ ಪಾಸಿಟಿವ್ ಬಂದ್ರೆ ಅದು ಅಮ್ಮನ ರಿಪೋರ್ಟೂ ಹೌದು.’

ಇಡೀ ಪ್ರಕರಣ ತಿರುಗಿದ್ದು ಈ ಮಾತಿನಲ್ಲಿ. ಅಣ್ಣನಿಗೂ ತಂಗಿಗೂ ಅದೇ ಜೀನ್ ದೋಷ ಇದೆ ಅಂದರೆ ಅದು ಇಬ್ಬರಿಗೂ ಅಮ್ಮನಿಂದಲೇ ಬಂದಿರಬೇಕು. ಅಪ್ಪನ ಎಕ್ಸ್ ಮಗನಿಗೆ ಹೋಗುವುದೇ ಇಲ್ಲ. ಹಿಂದೆ ಯಾವುದೋ ಡಾಕ್ಟರು ಅಮ್ಮನಿಗೆ, ಇದು ನಿಮ್ಮ ಮಗನಲ್ಲಿ ಹೊಸದಾಗಿ ಬಂದಿರಬಹುದು ಅಂದಿದ್ದರು. ಇರಬಹುದು ಅಂದದ್ದನ್ನು ಅಮ್ಮ ಹೌದು ಅಂತಲೇ ಕೇಳಿಸಿಕೊಂಡರು. ಮಗ ಹೋದ ಮೇಲೂ ಅದೊಂದನ್ನೇ ಹಿಡಿದುಕೊಂಡು ದಿನ ದೂಡಿದರು. ‘ಅದನ್ನ ನಾನು ಕಿತ್ಕೊಳ್ಳಲಾ?’ ಅಂತ ಕೇಳಿದಳು.

‘ಹಾಗಾದ್ರೆ ಅವತ್ತು ಕ್ಲಿನಿಕ್‌ನಲ್ಲಿ ತಪ್ಪಿಲ್ಲ ತಪ್ಪಿಲ್ಲ ಅಂತ ಯಾರಿಗೆ ಹೇಳಿದ್ರಿ?’

‘ಅಮ್ಮನಿಗೆ’ ಅಂದಳು ತಟ್ಟನೆ. ‘ಪಾಪ, ಆ ತಾಯಿ ಸುಮ್ನೆ ಮಧ್ಯೆ ಸಿಕ್ಕಾಕೊಂಡ್ರು.’ ನಗುತ್ತಲೇ ಅಂದಳು, ಆಮೇಲೆ ತುಂಬ ಹೊತ್ತು ಅತ್ತಳು.

ಅವತ್ತು ಮತ್ತು ಮುಂದಿನ ಭೇಟಿಗಳಲ್ಲಿ ನಾನು ಕೊಟ್ಟ ಸಲಹೆಗಳನ್ನು ಕೆಲವರು ಒಪ್ಪಲಿಲ್ಲ. ಅದಕ್ಕೇ ಯಾಕೆ ಕೊಟ್ಟೆ ಅನ್ನುವುದನ್ನೂ ಬರೆಯುತ್ತಿದ್ದೇನೆ.

ಮೊದಲು ಹೃದಯದ ಪರೀಕ್ಷೆ ಮಾಡಿಸಿಕೊಳ್ಳಿ ಅಂದೆ. ಡಿಎಂಡಿ ಕ್ಯಾರಿಯರ್ ಹೆಂಗಸರಲ್ಲಿ ಕೆಲವರಿಗೆ ಹೃದಯದ ಸ್ನಾಯು ದುರ್ಬಲವಾಗುತ್ತದೆ. ಹಾಗಾಗಿ ಅವರು ಆಗಾಗ ಹೃದಯ ತೋರಿಸಿಕೊಳ್ಳಬೇಕು ಅನ್ನುವುದು ವೈದ್ಯರ ಸಲಹೆ. ತಿಳಿಯದೇ ಇರುವುದೂ ನಮ್ಮ ಹಕ್ಕು ಅಂತ ಮಾತಾಡುವವರು ಇದನ್ನು ಮರೆತುಬಿಡುತ್ತಾರೆ. ಆದರೆ ಹೃದಯ ನೋಡಲು ಜೀನ್ ರಿಪೋರ್ಟ್ ಬೇಕಿಲ್ಲ. ಅಣ್ಣನಿಗೆ ಹೀಗಿತ್ತು ಅಂತ ಡಾಕ್ಟರಿಗೆ ಹೇಳಿ ಇಸಿಜಿ, ಎಕೋ ಮಾಡಿಸಿದರಾಯಿತು. ಇದನ್ನು ಆಕೆ ಕ್ಲಿನಿಕ್‌ನಲ್ಲಿ ಬೇರೆಯವರಿಗೆ ಹೇಳುತ್ತಿದ್ದಳು. ತಾನು ಮಾಡಿಸಿರಲಿಲ್ಲ.

ಜೀನ್ ಟೆಸ್ಟನ್ನು ಈಗ ಮಾಡಿಸಬೇಡಿ ಅಂದೆ. ಕೋರ್ಸಿಗಾಗಿ ಅಂತೂ ಬೇಡವೇ ಬೇಡ. ಕ್ಯಾನ್ಸರ್ ಕ್ಲಿನಿಕ್‌ನಲ್ಲಿ ಕೂರುವ ಕೌನ್ಸೆಲರ್ ತನ್ನ ಜೀನ್ ರಿಪೋರ್ಟ್ ತೋರಿಸಿ ಒಳಗೆ ಬರುವುದಿಲ್ಲವಲ್ಲ. ತನ್ನ ಬದುಕಿನ ಯಾವುದಾದರೂ ತೀರ್ಮಾನ ಆ ಉತ್ತರದ ಮೇಲೆ ನಿಂತಾಗ, ಮಗು ಬೇಕು ಅನಿಸಿದಾಗ ಅಂತಿಟ್ಟುಕೊಳ್ಳಿ, ಮಾಡಿಸಿದರೆ ಸಾಕು. ಆಗಲೂ ಮೊದಲು ಅಮ್ಮನ ಜೊತೆ ಮಾತಾಡಿ ಅಂದೆ. ಅಮ್ಮನಿಗೆ ಏನೂ ಗೊತ್ತಿಲ್ಲ ಅಂತ ಮಕ್ಕಳು ಅಂದುಕೊಂಡಿರುತ್ತಾರೆ, ಎಷ್ಟೋ ಸಲ ಅವರಿಗೆ ಎಲ್ಲ ಗೊತ್ತಿರುತ್ತದೆ. ಮತ್ತೆ, ಟೆಸ್ಟ್ ಸ್ವಂತ ವಿಭಾಗದಲ್ಲಿ ಬೇಡ. ನಾಳೆ ಪಕ್ಕದಲ್ಲಿ ಕೂರುವವರು ಇವತ್ತು ನಿಮ್ಮ ರಿಪೋರ್ಟ್ ಓದಬಾರದು.

ಇದಕ್ಕೆ ಒಬ್ಬ ಸಹೋದ್ಯೋಗಿ, ನೀವು ಆ ಹುಡುಗಿಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಿರಿ ಅಂದರು. ನನಗೆ ಹಾಗನಿಸುವುದಿಲ್ಲ. ಬೇರೆಯವರ ಒತ್ತಾಯಕ್ಕೆ ಮಾಡಿಸಿದ ಟೆಸ್ಟಿನ ಉತ್ತರವನ್ನೂ ಜೀವನಪೂರ್ತಿ ತಾನೇ ಇಟ್ಟುಕೊಳ್ಳಬೇಕು, ವಾಪಸ್ ಕೊಡಲು ಬರುವುದಿಲ್ಲ. ಇನ್ನೊಬ್ಬರ ತಕರಾರು ಬೇರೆ. ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿ ಹೀಗೆ ಮಾಡಿ, ಹಾಗೆ ಮಾಡಿ ಅನ್ನುವ ಹಾಗಿಲ್ಲ, ನೀವು ಅಂದಿರಿ ಅಂತ. ನಿಜ. ಬಂದವರೇ ತೀರ್ಮಾನ ಮಾಡಲಿ ಅನ್ನುವ, ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ವಿಚಾರಗಳಿಂದ ಬಂದ ಆ ಪದ್ಧತಿಯ ಬಗ್ಗೆ ನನಗೆ ಗೌರವ ಇದೆ. ಮಾಡಿಸಬೇಕೋ ಬೇಡವೋ ಅನ್ನುವುದನ್ನು ನಾನು ಆಕೆಗೇ ಬಿಟ್ಟಿದ್ದೇನೆ. ನಾನು ಹೇಳಿದ್ದು ಯಾವಾಗ ಅನ್ನುವುದರ ಬಗ್ಗೆ. ಪರೀಕ್ಷೆ, ಪ್ರಬಂಧ, ಕ್ಲಿನಿಕ್ ಎಲ್ಲ ಒಟ್ಟಿಗೆ ತಲೆ ಮೇಲೆ ಕೂತಿರುವಾಗ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದಾಗದು.

ಸೂಪರ್‌ವೈಸರ್‌ಗೆ ಎಷ್ಟು ಹೇಳಬೇಕು ಅನ್ನುವುದನ್ನು ಇಬ್ಬರೂ ಕೂತು ಬರೆದೆವು: ‘ನನ್ನ ಅಣ್ಣನಿಗೆ ಇದೇ ಕಾಯಿಲೆ ಇತ್ತು. ತಾಯಂದಿರನ್ನು ಕಂಡಾಗ ನಾನು ಅವಸರದಲ್ಲಿ ಸಮಾಧಾನ ಹೇಳುತ್ತೇನೆ, ದಯವಿಟ್ಟು ಗಮನಿಸಿ.’ ಅಷ್ಟೇ. ತಾನು ಕ್ಯಾರಿಯರ್ ಹೌದೋ ಅಲ್ಲವೋ ಅನ್ನುವುದು ಅವರಿಗೆ ಬೇಕಿಲ್ಲ. ಆಕೆಗೆ ಸ್ನಾಯು ಕಾಯಿಲೆಗಳ ಕ್ಲಿನಿಕ್ಕಿನಿಂದ ಪೂರ್ತಿ ವಿನಾಯಿತಿ ಬೇಕಿತ್ತು. ಬೇಡ ಅಂದೆ. ಕೆಲವು ದಿನ ಬರೀ ನೋಡಿ, ಆಮೇಲೆ ಸೂಪರ್‌ವೈಸರ್ ಜೊತೆ ಅರ್ಧರ್ಧ ಮಾಡಿ, ಕೊನೆಗೆ ಒಬ್ಬರೇ ಮಾಡಿ. ಕೆಲಸಕ್ಕೆ ಸೇರಿದ ಮೇಲೆ ಈ ಕಾಯಿಲೆಯವರು ಬರಬೇಡಿ ಅಂತ ಬೋರ್ಡ್ ಹಾಕಲಾಗುತ್ತದೆಯೇ?

ತಪ್ಪಿಲ್ಲ ಅನ್ನುವ ಮಾತನ್ನು ಬಂದವರೇ ಎತ್ತುವ ತನಕ ಆಡಕೂಡದು ಅಂತಲೂ ಹೇಳಿದೆ. ಬಾಯಿಗೆ ಬಂದೇಬಿಟ್ಟರೆ ಅದರ ಬದಲು, ‘ಇದು ಯಾಕೆ ಬಂತು ಅಂತ ನಿಮಗನಿಸುತ್ತೆ?’ ಅಂತ ಕೇಳಬೇಕು. ಜನ ಎಂಥೆಂಥ ಉತ್ತರ ಇಟ್ಟುಕೊಂಡಿರುತ್ತಾರೆ ಅಂತ ಆಕೆ ಆಮೇಲೆ ನನಗೇ ಹೇಳಿದಳು. ಒಬ್ಬ ತಂದೆ, ಮಗುವನ್ನು ಎತ್ತಿಕೊಂಡಿದ್ದಾಗ ಕೈಜಾರಿ ಬೀಳಿಸಿದ್ದಕ್ಕೇ ಹೀಗಾಯಿತು ಅಂತ ಅಲ್ಲಿಯವರೆಗೆ ಯಾರಿಗೂ ಹೇಳದೇ ಇಟ್ಟುಕೊಂಡಿದ್ದರಂತೆ. ತಾಯಿಗೆ ಸಮಾಧಾನ ಹೇಳುತ್ತಾ ಕೂತಿದ್ದರೆ ಅದು ಹೊರಗೆ ಬರುತ್ತಿರಲಿಲ್ಲ.

ಆಕೆ ಕೋರ್ಸ್ ಮುಗಿಸಿದ್ದಾಳೆ. ಎಕೋ ಮಾಡಿಸಿದಳು, ಸದ್ಯಕ್ಕೆ ಎಲ್ಲ ಸರಿಯಿದೆ. ಜೀನ್ ಟೆಸ್ಟ್ ವಿಷಯ ನಾನು ಕೇಳಿಲ್ಲ.

ಮನೆಯಲ್ಲಿ ಇಂಥ ಕಾಯಿಲೆ ಕಂಡವರು ಈ ಓದಿಗೆ ಬರಲೇಬಾರದು ಅನ್ನುವವರಿದ್ದಾರೆ. ನಾನು ಅವರ ಜೊತೆಗಿಲ್ಲ. ರಿಪೋರ್ಟಿಗಾಗಿ ಕಾಯುವುದು ಹೇಗಿರುತ್ತದೆ ಅಂತ ಇವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೆ ಕಷ್ಟ ಕಂಡಿರುವುದೇ ಅರ್ಹತೆ ಅಂತ ಆಯ್ಕೆ ಮಾಡುವವರು ಹೊಗಳಿ ಒಳಗೆ ಕರೆದುಕೊಂಡು, ಆಮೇಲೆ ಕೈ ಬಿಡುತ್ತಾರಲ್ಲ, ಅದಕ್ಕೆ ನನಗೆ ಸಿಟ್ಟಿದೆ. ಅರ್ಜಿಯಲ್ಲಿ ಮನೆಯ ಕಥೆ ಓದಿದವರು, ಅದೇ ಕಾಯಿಲೆಯ ಲೆಕ್ಕ ತರಗತಿಗೆ ಬರುವ ಮೊದಲು ಆ ವಿದ್ಯಾರ್ಥಿಯನ್ನು ಕರೆದು ಒಂದು ಮಾತು ಹೇಳಬಹುದು. ಸಂದರ್ಶನದಲ್ಲಿ, ನೀವು ಟೆಸ್ಟ್ ಮಾಡಿಸಿದ್ದೀರಾ ಅಂತ ಕೇಳುವುದನ್ನಂತೂ ಬಿಡಬೇಕು.

ಅರ್ಜಿ ಹಾಕಲು ಹೊರಟವರು ಶುಲ್ಕ, ಕೆಲಸದ ಅವಕಾಶ ಎಲ್ಲ ವಿಚಾರಿಸುತ್ತೀರಿ. ಜೊತೆಗೆ ಇದನ್ನೂ ಕೇಳಿ: ವಿದ್ಯಾರ್ಥಿಗಳು ಮನಸ್ಸು ಬಿಚ್ಚಿ ಮಾತಾಡಲು, ಮಾರ್ಕ್ಸ್ ಹಾಕದ ಒಬ್ಬ ಆಪ್ತಸಲಹೆಗಾರರು ಇದ್ದಾರಾ? ಇಲ್ಲ ಅಂದರೆ ಹೊರಗೆ ಒಬ್ಬರನ್ನು ನೋಡಿಟ್ಟುಕೊಳ್ಳಿ. ಕ್ಲಿನಿಕ್ ಶುರುವಾಗುವ ಮೊದಲೇ ಒಂದೆರಡು ಸಲ ಹೋಗಿ ಮಾತಾಡಿ ಬನ್ನಿ.