ಎಗ್ಜಿಮಾ ಇರುವ ಹಸುಗೂಸಿಗೆ ಯಾವ ಕ್ರೀಮ್?

ಪ್ರಶ್ನೆ: ನಮ್ಮ ಏಳು ತಿಂಗಳ ಮಗಳಿಗೆ ಕೆನ್ನೆ, ಮೊಣಕೈ ಮತ್ತು ಕಾಲುಗಳ ಮೇಲೆ ಕೆಂಪಗೆ, ಒರಟಾಗಿ ಚರ್ಮ ಎದ್ದಿದೆ. ರಾತ್ರಿಯೆಲ್ಲ ಕೆನ್ನೆಯನ್ನು ಹಾಸಿಗೆಗೆ ಉಜ್ಜುತ್ತಾಳೆ. ಮಕ್ಕಳ ವೈದ್ಯರು ಎಗ್ಜಿಮಾ ಎಂದು ಹೇಳಿ, ಮಾಯಿಶ್ಚರೈಸರ್ ಹಚ್ಚಲು ತಿಳಿಸಿದ್ದಾರೆ. ಅಂಗಡಿಯಲ್ಲಿ ನೋಡಿದರೆ ಹತ್ತಾರು ಬಗೆಗಳಿವೆ. ಹರಳೆಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಬಿಸಿನೀರು ಹುಯ್ದರೆ ಸಾಕು ಎಂಬುದು ಅತ್ತೆಯವರ ಅಭಿಪ್ರಾಯ. ಯಾವುದನ್ನು ಆರಿಸಿಕೊಳ್ಳಲಿ?
– ಒಬ್ಬ ತಾಯಿ, ಮದ್ದೂರು

ಉತ್ತರ: ಎಗ್ಜಿಮಾ ಇರುವ ಮಗುವಿನ ಚರ್ಮ ತನ್ನೊಳಗಿನ ನೀರನ್ನು ಹಿಡಿದಿಟ್ಟುಕೊಳ್ಳಲಾರದು, ಹೊರಗಿನ ಸಾಬೂನು, ದೂಳು, ಬೆವರುಗಳನ್ನು ತಡೆಯಲೂ ಆರದು. ಹಚ್ಚುವ ಕ್ರೀಮು ಮಾಡಬೇಕಾದ ಕೆಲಸ ಈ ಸೋರಿಕೆಯನ್ನು ತಡೆಯುವುದಷ್ಟೇ. ಆದ್ದರಿಂದ ಕ್ರೀಮಿನಲ್ಲಿ ಎಷ್ಟು ಕಡಿಮೆ ಪದಾರ್ಥಗಳಿವೆಯೋ ಅಷ್ಟು ಒಳ್ಳೆಯದು. ಡಬ್ಬಿಯ ಮುಂಭಾಗದಲ್ಲಿ ಮುದ್ರಿಸಿರುವ ‘ಹರ್ಬಲ್’, ‘ನ್ಯಾಚುರಲ್’, ‘ಹೈಪೋಅಲರ್ಜೆನಿಕ್’ ಎಂಬ ಮಾತುಗಳನ್ನು ಬದಿಗಿಟ್ಟು, ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ. ಅಲ್ಲಿ ಫ್ರಾಗ್ರನ್ಸ್ ಅಥವಾ ಪರ್ಫ್ಯೂಮ್ ಎಂದಿದ್ದರೆ, ಎಷ್ಟೇ ಹೆಸರಾಂತ ಬೇಬಿ ಕ್ರೀಮಾದರೂ, ಈ ಮಗುವಿಗೆ ಬೇಡ. ಲ್ಯಾವೆಂಡರ್, ಗಂಧ, ಗುಲಾಬಿಯ ಎಣ್ಣೆಗಳೂ ಸುಗಂಧಗಳೇ. ಯೂರಿಯಾ ಅಥವಾ ಸ್ಯಾಲಿಸಿಲಿಕ್ ಆಮ್ಲ ಬೆರೆತವು ದೊಡ್ಡವರ ಒಡೆದ ಹಿಮ್ಮಡಿಗಾದೀತು, ಹಸುಗೂಸಿಗಲ್ಲ.

ಬಾದಾಮಿ ಎಣ್ಣೆ, ಹಾಲು, ಗೋಧಿಯ ಸಾರ ಸೇರಿದ ಕ್ರೀಮುಗಳ ವಿಷಯದಲ್ಲೂ ನಾನು ಹಿಂದೆಗೆಯುತ್ತೇನೆ. ತಿನ್ನುವ ವಸ್ತು ಬಾಯಿಯ ಮೂಲಕ ಹೋದರೆ ದೇಹ ಅದನ್ನು ಸಹಿಸಲು ಕಲಿಯುತ್ತದೆ. ಬಿರಿದ ಚರ್ಮದ ಮೂಲಕ ಒಳಹೊಕ್ಕರೆ ಅದೇ ವಸ್ತು ಅಲರ್ಜಿಗೆ ದಾರಿಯಾಗಬಲ್ಲದು. ಜಪಾನಿನಲ್ಲಿ ಗೋಧಿಯ ಪ್ರೋಟೀನು ಬೆರೆಸಿದ್ದ ಮುಖದ ಸಾಬೂನೊಂದನ್ನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿಯ ಅಲರ್ಜಿ ಅಂಟಿಕೊಂಡದ್ದು ಇದಕ್ಕೆ ದೊಡ್ಡ ನಿದರ್ಶನ.

ಇನ್ನು ಲೋಷನ್, ಕ್ರೀಮ್, ಆಯಿಂಟ್‌ಮೆಂಟ್‌ಗಳ ವಿಚಾರ. ಲೋಷನ್ನಿನಲ್ಲಿ ಬಹುಪಾಲು ನೀರು. ಹಚ್ಚಿದ ಸ್ವಲ್ಪ ಹೊತ್ತಿಗೇ ಆರಿಹೋಗುತ್ತದೆ, ಬಿರಿದ ಜಾಗದಲ್ಲಿ ಉರಿಯನ್ನೂ ತರಬಹುದು. ಆಯಿಂಟ್‌ಮೆಂಟಿನಲ್ಲಿ ಜಿಡ್ಡು ಹೆಚ್ಚು, ನೀರು ಇಲ್ಲವೆನ್ನುವಷ್ಟು ಕಡಿಮೆ. ಸುವಾಸನೆಯಿಲ್ಲದ ಬಿಳಿಯ ಪೆಟ್ರೋಲಿಯಂ ಜೆಲ್ಲಿ ಇವುಗಳಲ್ಲೆಲ್ಲ ಅಗ್ಗದ್ದು, ಕೆಲಸದಲ್ಲಿ ಯಾವ ದುಬಾರಿ ಡಬ್ಬಿಗೂ ಕಡಿಮೆಯಿಲ್ಲದ್ದು. ನಮ್ಮ ಮಂಡ್ಯ ಸೀಮೆಯಲ್ಲಿ ಮಾಗಿಯ ಒಣಗಾಳಿಗೆ ಇದೇ ಸರಿ. ಆದರೆ ಯುಗಾದಿಯ ಹೊತ್ತಿಗೆ ಸೆಕೆ ಏರಿದಾಗ ಮೈತುಂಬ ಜೆಲ್ಲಿ ಬಳಿದರೆ ಬೆವರುಸಾಲೆ ಏಳುತ್ತದೆ. ಆಗ ಹಗಲಿನಲ್ಲಿ ಗಟ್ಟಿಯಾದ ಕ್ರೀಮನ್ನೂ, ರಾತ್ರಿ ತೀರಾ ಒರಟಾದ ಕಡೆ ಮಾತ್ರ ಜೆಲ್ಲಿಯನ್ನೂ ಹಚ್ಚಿ. ಜಿಡ್ಡು ಹೀರಿದ ಬಟ್ಟೆ ಬೇಗ ಬೆಂಕಿ ಹಿಡಿಯುತ್ತದೆ, ಹಾಗಾಗಿ ಸ್ನಾನದ ನಂತರ ಮಗುವನ್ನು ಸಾಂಬ್ರಾಣಿಯ ಕೆಂಡದ ಮೇಲೆ ಹಿಡಿಯುವ ರೂಢಿ ಮನೆಯಲ್ಲಿದ್ದರೆ ನಿಲ್ಲಿಸಿಬಿಡಿ. ಆ ಹೊಗೆಯೂ ಈ ಚರ್ಮಕ್ಕೆ ಆಗದು.

ಯಾವುದನ್ನು ತಂದರೂ ಮೊದಲು ಮುಂಗೈಯ ಒಳಭಾಗದ ಸಣ್ಣ ಜಾಗಕ್ಕೆ ನಾಲ್ಕಾರು ದಿನ ಹಚ್ಚಿ ನೋಡಿ. ಸರಿಹೋದರೆ ಧಾರಾಳವಾಗಿ ಬಳಸಿ. ಬಹುತೇಕ ಮನೆಗಳಲ್ಲಿ ಕ್ರೀಮ್ ಸೋಲುವುದು ಇಲ್ಲಿಯೇ: 50 ಗ್ರಾಮಿನ ಟ್ಯೂಬನ್ನು ತಿಂಗಳುಗಟ್ಟಲೆ ಜಿಪುಣತನದಿಂದ ಸವರುತ್ತಾರೆ. ಮೈಯೆಲ್ಲ ಒಣಗಿರುವ ಕೂಸಿಗೆ ವಾರಕ್ಕೆ ಸುಮಾರು 100 ಗ್ರಾಂ ಬೇಕಾಗುತ್ತದೆ. ಆದ್ದರಿಂದ ನೀವು ಪ್ರತಿವಾರ ಕೊಳ್ಳಬಲ್ಲ ಬೆಲೆಯದೇ ನಿಮಗೆ ಸರಿಯಾದ ಕ್ರೀಮು.

ಅತ್ತೆಯವರ ಮಾತಿಗೆ ಬರೋಣ. ಕಡಲೆಹಿಟ್ಟು ಚರ್ಮವನ್ನು ಕೆರೆದು, ಉಳಿದಿರುವ ಜಿಡ್ಡನ್ನೂ ತೆಗೆದುಬಿಡುತ್ತದೆ. ಹಂಡೆಯ ಹೊಗೆಯಾಡುವ ನೀರು ತುರಿಕೆಯನ್ನು ಕೆರಳಿಸುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ. ಕೊಳವೆಬಾವಿಯ ಗಡಸುನೀರಾದರೆ ಸಾಬೂನು ಚರ್ಮದ ಮೇಲೆ ಉಳಿಯುತ್ತದೆ, ಆದ್ದರಿಂದ ಅದನ್ನು ಆದಷ್ಟೂ ಕಡಿಮೆ ಮಾಡಿ. ಹಳೆಯ ಹತ್ತಿ ಪಂಚೆಯಿಂದ ಉಜ್ಜದೆ ಒತ್ತಿ ಒರೆಸಿ, ಮೈಯ ಪಸೆ ಆರುವ ಮೊದಲೇ ಕ್ರೀಮನ್ನು ಕೂದಲು ಬೆಳೆಯುವ ದಿಕ್ಕಿನಲ್ಲಿ ನೀವಿ. ಎಣ್ಣೆಯೇ ಬೇಕೆಂದು ಅತ್ತೆಯವರು ಹಟ ಹಿಡಿದರೆ ಹರಳೆಣ್ಣೆಯ ಬದಲು ಶುದ್ಧ ಕೊಬ್ಬರಿ ಎಣ್ಣೆಯಾಗಲಿ. ಒಣಚರ್ಮಕ್ಕೆ ಅದರಿಂದ ಪ್ರಯೋಜನವಿದೆ. ವಿದೇಶದಿಂದ ಬಂದ ಆಲಿವ್ ಎಣ್ಣೆ ಮಾತ್ರ ಬೇಡ, ಅದು ಚರ್ಮದ ತಡೆಗೋಡೆಯನ್ನೇ ಸಡಿಲಗೊಳಿಸುತ್ತದೆ. ಗದ್ದಕ್ಕೆ ಕಟ್ಟುವ ಉಲ್ಲನ್ ಕುಲಾವಿಯ ಅಂಚು ಕೆನ್ನೆಗೆ ಒರೆಯುತ್ತಿದೆಯೇ ಎಂಬುದನ್ನೂ ನೋಡಿ. ಅದರ ಬದಲು ಹತ್ತಿಯದನ್ನು ತೊಡಿಸಿ.

ಮನೆಮಂದಿಗೆಲ್ಲ ರಾತ್ರಿ ತುರಿಕೆಯಿದ್ದು, ಮಗುವಿನ ಅಂಗೈ ಅಂಗಾಲುಗಳಲ್ಲಿ ಗುಳ್ಳೆಗಳಿದ್ದರೆ, ಅದು ಹುಳುಕಜ್ಜಿಯಿರಬಹುದು; ಅದಕ್ಕೆ ಚಿಕಿತ್ಸೆ ಬೇರೆ.

ಪ್ರಶ್ನೆ: ನಮ್ಮ ಹತ್ತು ತಿಂಗಳ ಮಗನಿಗೆ ಚರ್ಮವೈದ್ಯರು ಹೈಡ್ರೋಕಾರ್ಟಿಸೋನ್ ಬರೆದಿದ್ದಾರೆ. ಅದು ಸ್ಟೀರಾಯ್ಡ್ ಎಂದು ತಿಳಿದ ಮೇಲೆ ಹಚ್ಚಲು ಹೆದರಿಕೆಯಾಗಿದೆ. ಬರೀ ಮಾಯಿಶ್ಚರೈಸರಿನಲ್ಲಿ ವಾಸಿಯಾಗದೇ?
– ಒಬ್ಬ ತಂದೆ, ಕುವೆಂಪುನಗರ, ಮೈಸೂರು

ಉತ್ತರ: ಕೆಂಪೇರಿ ಉರಿಯೂತ ಎದ್ದಿರುವಾಗ ಮಾಯಿಶ್ಚರೈಸರ್ ಒಂದೇ ಸಾಲದು. ಶೇಕಡಾ 1ರ ಹೈಡ್ರೋಕಾರ್ಟಿಸೋನ್ ಸ್ಟೀರಾಯ್ಡುಗಳಲ್ಲಿ ಅತಿ ಸೌಮ್ಯವಾದದ್ದು; ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಹೆದರಬೇಕಾಗಿಲ್ಲ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಅದಕ್ಕೂ ಮಾಯಿಶ್ಚರೈಸರಿಗೂ ನಡುವೆ ಅರ್ಧ ಗಂಟೆ ಬಿಡಿ.

ನಿಜವಾಗಿ ಹೆದರಬೇಕಾದದ್ದು ‘ತುರಿಕೆಗೆ ಏನಾದರೂ ಕೊಡಿ’ ಎಂದಾಗ ಚೀಟಿಯಿಲ್ಲದೆ ಕೈಗೆ ಬರುವ ಟ್ಯೂಬಿಗೆ. ಅಂಥವುಗಳಲ್ಲಿ ಹಲವು ಬಾರಿ ಫಂಗಸ್ಸಿನ ಔಷಧಿ ಮತ್ತು ಆ್ಯಂಟಿಬಯೋಟಿಕ್ ಜೊತೆಗೆ ಕ್ಲೋಬೆಟಾಸಾಲ್ ಎಂಬ ಸ್ಟೀರಾಯ್ಡ್ ಇರುತ್ತದೆ. ಅದು ಹೈಡ್ರೋಕಾರ್ಟಿಸೋನಿಗಿಂತ ನೂರಾರು ಪಟ್ಟು ಪ್ರಬಲ. ಎರಡೇ ದಿನದಲ್ಲಿ ಕೆನ್ನೆ ನುಣುಪಾಗುತ್ತದೆ, ಬಿಟ್ಟೊಡನೆ ಇಮ್ಮಡಿಯಾಗಿ ಮರಳುತ್ತದೆ, ಮುಂದುವರಿಸಿದರೆ ಚರ್ಮ ತೆಳುವಾಗುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇಂತಹ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ನಿಯಮ ಮಾಡಿದ್ದರೂ, ಅಂಗಡಿಗಳಲ್ಲಿ ಅದರ ಪಾಲನೆ ಅಷ್ಟಕ್ಕಷ್ಟೇ. ಕೆನ್ನೆಯಲ್ಲಿ ಹಳದಿ ಹಕ್ಕಳೆ ಕಟ್ಟಿ ನೀರು ಒಸರಿದರೆ ಸೋಂಕು ತಗುಲಿದೆಯೆಂದು ತಿಳಿದು ವೈದ್ಯರಿಗೆ ತೋರಿಸಿ. ಒಮ್ಮೆಲೇ ಒಂದೇ ಗಾತ್ರದ ನೀರುಗುಳ್ಳೆಗಳು ಎದ್ದು ಜ್ವರ ಬಂದರೆ ಬೆಳಗಾಗುವುದನ್ನು ಕಾಯದೆ ಚೆಲುವಾಂಬ ಆಸ್ಪತ್ರೆಗೋ ಹತ್ತಿರದ ಮಕ್ಕಳ ಆಸ್ಪತ್ರೆಗೋ ಕರೆದೊಯ್ಯಿರಿ.

ಪ್ರಶ್ನೆ: ಮೊಮ್ಮಗುವಿಗೆ ಎಗ್ಜಿಮಾ ಇರುವುದರಿಂದ ಸೊಸೆ ಮೊಟ್ಟೆ, ಹಾಲು, ಕಡಲೆಕಾಯಿ ಬಿಡಬೇಕೇ?
– ಶ್ರೀರಂಗಪಟ್ಟಣದ ಅಜ್ಜಿ

ಉತ್ತರ: ತಾವಾಗಿಯೇ ಬಿಡಿಸಬೇಡಿ. ಎದೆಹಾಲುಣಿಸುವ ತಾಯಿ ಕಾರಣವಿಲ್ಲದೆ ಪಥ್ಯ ಮಾಡಿದರೆ ಬಡವಾಗುವುದು ಅವಳೇ. ನಿರ್ದಿಷ್ಟ ಆಹಾರ ಮಗುವಿನ ಬಾಯಿಗೆ ಬಿದ್ದ ಒಂದೆರಡು ಗಂಟೆಯೊಳಗೆ ದದ್ದು, ವಾಂತಿ ಅಥವಾ ತುಟಿಯ ಊತ ಕಂಡರೆ ಆ ಆಹಾರವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.