50,000 ಬುಕಿಂಗ್‌ಗಳಲ್ಲಿ ಯಾವುದರ ಸಮಯ ಅದಕ್ಕೂ ಮೊದಲು ಶುರುವಾದದ್ದಕ್ಕೆ ಡಿಕ್ಕಿ ಎಂದು ನೋಡಲು ಇಂಟರ್ವಲ್ ಟ್ರೀ (ಅವಧಿಗಳನ್ನು ಬೇಗ ಹುಡುಕಲು ಕೊಂಬೆಗಳಂತೆ ಜೋಡಿಸಿಡುವ ರಚನೆ) ಕಲಿಯಬೇಕಾ?

ಬೇಡ. ಸಾರ್ಟ್, ಅಂದರೆ ಕ್ರಮವಾಗಿ ಜೋಡಿಸುವುದು, ಸಾಕು. ಇದೇ ಕೆಲಸವನ್ನು ನಾನು ಒಂದು ಕಲ್ಯಾಣ ಮಂಟಪಕ್ಕೆ ಮಾಡಿಕೊಟ್ಟಿದ್ದೆ, ಮಾಡಿ ಒಂದು ಮನೆಯವರ ನಾಮಕರಣ ಕೆಡಿಸಿದ್ದೆ.

ಪ್ರತಿ ಬುಕಿಂಗನ್ನೂ ಉಳಿದೆಲ್ಲದರ ಜೊತೆ ಹೋಲಿಸಿದರೆ ನಿಮ್ಮ ಲೆಕ್ಕಕ್ಕೆ ಸುಮಾರು 125 ಕೋಟಿ ಹೋಲಿಕೆ. ಶುರುವಾಗುವ ಸಮಯದ ಪ್ರಕಾರ ಸಾರ್ಟ್ ಮಾಡಿದರೆ 8 ಲಕ್ಷದ ಆಸುಪಾಸು, ಆಮೇಲೆ ಮೇಲಿಂದ ಕೆಳಗೆ ಒಂದೇ ಸುತ್ತು. ಅಷ್ಟು ನಾನೂ ಮಾಡಿದ್ದೆ. ಆದರೆ ಆ ಸುತ್ತಿನಲ್ಲಿ ಪ್ರತಿ ಸಾಲನ್ನೂ ಅದರ ಹಿಂದಿನ ಸಾಲಿನ ಜೊತೆ ಮಾತ್ರ ಹೋಲಿಸಿದೆ. ತಪ್ಪಿದ್ದು ಅಲ್ಲೇ.

ಮದುವೆ: ಶನಿವಾರ ಸಂಜೆ 4ರಿಂದ ಭಾನುವಾರ ಸಂಜೆ 4. ಅದೇ ಮನೆಯವರ ಆರತಕ್ಷತೆ: ಶನಿವಾರ ರಾತ್ರಿ 7ರಿಂದ 10. ಬೇರೆಯವರ ನಾಮಕರಣ: ಭಾನುವಾರ ಬೆಳಿಗ್ಗೆ 9ರಿಂದ 1. ಆರತಕ್ಷತೆ ಮದುವೆಗೆ ಡಿಕ್ಕಿ ಎಂದು ಪ್ರೋಗ್ರಾಂ ತೋರಿಸಿತು. ಒಂದೇ ಮನೆಯವರದ್ದಲ್ವಾ ಎಂದು ಮ್ಯಾನೇಜರ್ ಬಿಟ್ಟರು. ನಾಮಕರಣದ ಸರದಿ ಬಂದಾಗ ಹಿಂದಿನ ಸಾಲು ಆರತಕ್ಷತೆ, ಅದು ರಾತ್ರಿ 10ಕ್ಕೇ ಮುಗಿದಿದೆ. ಹಾಗಾಗಿ ಮಂಟಪ ಖಾಲಿ ಎಂದು ತೋರಿಸಿತು. ಮದುವೆ ಇನ್ನೂ ನಡೆಯುತ್ತಿದೆ, ಆದರೆ ಅದು ಎರಡು ಸಾಲು ಮೇಲಿದೆ, ಅದನ್ನು ಯಾರೂ ಕೇಳಲೇ ಇಲ್ಲ.

ಭಾನುವಾರ ಬೆಳಿಗ್ಗೆ ಫೋನ್ ಬಂತು. ಓಡಿಹೋದೆ. ಒಳಗೆ ಧಾರೆ ನಡೆಯುತ್ತಿತ್ತು. ಮಗುವಿನ ಮನೆಯವರು ಹೂ ಸುತ್ತಿದ ತೊಟ್ಟಿಲನ್ನು ಮೆಟ್ಟಿಲ ಮೇಲೆ ಇಳಿಸಿಕೊಂಡು ನಿಂತಿದ್ದರು. ಅಜ್ಜಿ ಒಂದೇ ಮಾತು ಕೇಳಿದರು, "ಅಡ್ವಾನ್ಸ್ ಕೊಟ್ಟಿದ್ದೀವಲ್ಲಪ್ಪ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಿಂದಿನ ಸಾಲು ಯಾವಾಗ ಮುಗಿಯಿತು ಎಂದು ನೋಡಲೇಬೇಡಿ. ಇಲ್ಲಿಯವರೆಗೆ ಬಂದ ಎಲ್ಲದರಲ್ಲಿ ತೀರಾ ತಡವಾಗಿ ಮುಗಿಯುವುದು ಯಾವುದು ಎಂದು ನೋಡಿ. ಆ ಸಮಯವನ್ನು ಒಂದು ವೇರಿಯಬಲ್‌ನಲ್ಲಿಡಿ, ಯಾರ ಬುಕಿಂಗ್ ಎನ್ನುವುದನ್ನೂ ಜೊತೆಗಿಡಿ. ಮುಂದಿನದು ಅದಕ್ಕಿಂತ ಮೊದಲೇ ಶುರುವಾದರೆ ಡಿಕ್ಕಿ. ಮುಂದಿನದು ಅದಕ್ಕಿಂತ ತಡವಾಗಿ ಮುಗಿದರೆ ಮಾತ್ರ ವೇರಿಯಬಲ್ ಬದಲಿಸಿ. ನಾನು ಪ್ರತಿ ಸಲವೂ ಬದಲಿಸುತ್ತಿದ್ದೆ. ಅದಕ್ಕೇ ಭಾನುವಾರ ಸಂಜೆ 4 ಅಳಿಸಿಹೋಗಿ ಶನಿವಾರ ರಾತ್ರಿ 10 ಉಳಿಯಿತು.

ಸಾರ್ಟ್ ನಿಧಾನ ಆಗುತ್ತದೆ ಎನ್ನುವ ಭಯ ಬೇಡ. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಗೆ ಬರೆದ ಟಿಮ್‌ಸಾರ್ಟ್ ಎಂಬ ಸಾರ್ಟ್ ವಿಧಾನ, ಮೊದಲೇ ಬಹುಪಾಲು ಸಾಲಾಗಿರುವ ರಿಜಿಸ್ಟರನ್ನು ಇನ್ನೂ ಬೇಗ ಮುಗಿಸುತ್ತದೆ. ಗಳಿಗೆಗೊಂದು ಬುಕಿಂಗ್ ಬಂದು, ನಿಂತ ಕಾಲಲ್ಲೇ ಉತ್ತರ ಕೊಡಬೇಕಿದ್ದರೆ ಟ್ರೀ ಮಾತು ಬೇರೆ. ನಿಮ್ಮದು ಹಾಗಿಲ್ಲ.

ಇವತ್ತೇ ಮೇಲಿನ ಮೂರು ಎಂಟ್ರಿಗಳನ್ನು ನಿಮ್ಮ ಕೋಡ್‌ಗೆ ಕೊಟ್ಟು ನೋಡಿ. ನಾಮಕರಣ ಮದುವೆಗೆ ಡಿಕ್ಕಿ ಎಂದು ಬರಬೇಕು.