ಫ್ರೆಂಚ್‌ನಲ್ಲಿ ‘ಯಾರು ಎಲ್ಲಿಗೆ ಹೋಗುತ್ತಿದ್ದಾರೆ’ ಅಂತ ಹೇಳುವುದು ಹೇಗೆ?
ಮೊದಲು ‘ಆಲೇ’ (ಹೋಗು) ಅನ್ನುವ ಕ್ರಿಯಾಪದ ಬಾಯಿಗೆ ಬರಬೇಕು. ಝ ವೆ (ನಾನು), ತು ವಾ (ನೀನು), ಇಲ್ ವಾ (ಅವನು), ಎಲ್ ವಾ (ಅವಳು), ನೂಜ಼್ ಆಲೋಂ (ನಾವು), ವೂಜ಼್ ಆಲೇ (ನೀವು), ಇಲ್ ವೋಂ (ಅವರು). ಜೋರಾಗಿ ಹೇಳಿಕೊಂಡರೆ ಇದು ಬೇಗ ಕೂರುತ್ತದೆ.

ತಲೆ ಕೆಡಿಸುವುದು ಮುಂದಿನ ಭಾಗ. ನಮಗೆ ‘ಗೆ’ ಸೇರಿಸಿದರೆ ಮುಗಿಯಿತು, ಅಲ್ವಾ? ಫ್ರೆಂಚ್‌ನಲ್ಲಿ ಜಾಗದ ಲಿಂಗ ನೋಡಬೇಕು. ಸಿನೆಮಾ ಪುಲ್ಲಿಂಗ, ಹಾಗಾಗಿ ‘ಆ’ (ನಮ್ಮ ‘ಗೆ’ ಇದ್ದ ಹಾಗೆ) ಮತ್ತು ‘ಲ’ (ಪುಲ್ಲಿಂಗ ಪದದ ಹಿಂದೆ ಬರುವ ಪುಟ್ಟ ಪದ, ಸ್ತ್ರೀಲಿಂಗಕ್ಕೆ ‘ಲಾ’) ಕೂಡಿ ‘ಓ’ ಆಗುತ್ತದೆ: ‘ಪೋಲ್ ವಾ ಓ ಸಿನೆಮಾ’. ಬೀಚ್ ಸ್ತ್ರೀಲಿಂಗ, ಅಲ್ಲಿ ಕೂಡುವುದಿಲ್ಲ: ‘ಮಾರಿ ವಾ ಆ ಲಾ ಪ್ಲಾಝ್’. ಶಾಲೆಯ ಪದ ‘ಎಕೋಲ್’ ಸ್ವರದಿಂದ ಶುರುವಾಗುತ್ತದೆ, ಅದಕ್ಕೇ ‘ಆ ಲೆಕೋಲ್’. ಇಲ್ಲಿ ಲಿಂಗದ ಗೊಡವೆಯೇ ಇಲ್ಲ! ಬಹುವಚನಕ್ಕೂ ಸಾಮಾನ್ಯವಾಗಿ ‘ಓ’ ಅಂತಲೇ ಕೇಳಿಸುತ್ತದೆ, ಬರೆಯುವಾಗ ಕೊನೆಗೆ ಎಕ್ಸ್ ಅಕ್ಷರ. ಆದ್ದರಿಂದ ಜಾಗದ ಹೆಸರನ್ನು ಸುಮ್ನೆ ಒಂಟಿಯಾಗಿ ಕಲಿಯಬೇಡಿ, ‘ಲ’ ಅಥವಾ ‘ಲಾ’ ಜೊತೆಗೇ ಕಲಿಯಿರಿ.

ಊರಿಗೆ ಸಾಮಾನ್ಯವಾಗಿ ಬರೀ ‘ಆ’ ಸಾಕು: ‘ಆ ಪಾರೀ’. ದೇಶ ಸ್ತ್ರೀಲಿಂಗವಾದರೆ ‘ಆಂ ಫ್ರಾಂಸ್’, ಪುಲ್ಲಿಂಗವಾದರೆ ಸಾಮಾನ್ಯವಾಗಿ ‘ಓ ಕನಡಾ’. ಒಬ್ಬರ ಮನೆಗೆ ಹೋಗುವಾಗ ಇದ್ಯಾವುದೂ ಬೇಡ, ‘ಶೇ’ ಬಳಸಿ: ‘ಝ ವೆ ಶೇ ಪೋಲ್’.